ಸ್ನಾಯುಕ್ಷಯ ಮತ್ತು ಸ್ಕ್ಯಾನಿಂಗ್: ಯಾದಗಿರಿಯಿಂದ ನೋಡಿದಾಗ

ಅಂಗನವಾಡಿಯ ನೆಲದ ಮೇಲೆ ಕೂತ ಐದು ವರ್ಷದ ಹುಡುಗನಿಗೆ ‘ಏಳಪ್ಪಾ’ ಎಂದು ಹೇಳಿ, ಅವನು ಹೇಗೆ ಏಳುತ್ತಾನೆ ಎಂಬುದನ್ನು ಕಣ್ಣಿಟ್ಟು ನೋಡಬೇಕು. ಆರೋಗ್ಯವಂತ ಮಗು ಪುಟಿದು ನಿಲ್ಲುತ್ತದೆ. ಕೆಲವು ಹುಡುಗರು ಹಾಗೆ ಏಳುವುದಿಲ್ಲ. ಮೊದಲು ಬೋರಲಾಗುತ್ತಾರೆ, ಕಾಲು ಅಗಲಿಸಿ ಪೃಷ್ಠ ಮೇಲೆತ್ತುತ್ತಾರೆ, ಕೈಯನ್ನು ಮೊಣಕಾಲಿಗೆ ಊರಿ, ಆಮೇಲೆ ತೊಡೆಗೆ ಊರಿ, ತಮ್ಮ ಮೈಯನ್ನೇ ತಾವು ಹತ್ತಿದ ಹಾಗೆ ನೆಟ್ಟಗಾಗುತ್ತಾರೆ. ಇದನ್ನು ವೈದ್ಯರು ‘ಗೋವರ್ಸ್ ಚಿಹ್ನೆ’ ಎನ್ನುತ್ತಾರೆ. 1879ರಲ್ಲಿ ಲಂಡನ್ನಿನ ವಿಲಿಯಂ ಗೋವರ್ಸ್ ಇದನ್ನು ವಿವರಿಸಿದ. ಸುರಪುರದ ಕಡೆಯ ತಾಯಿ ಇದನ್ನೇ ತನ್ನ ಮಾತಿನಲ್ಲಿ ಹೇಳುತ್ತಾಳೆ: “ಕುಂತಲ್ಲಿಂದ ಏಳಾಕ ಆಗವಲ್ದ್ರೀ ಸರ, ತೊಡಿ ಮ್ಯಾಲ ಕೈ ಊರಿ ಏಳ್ತಾನ. ಮೀನಖಂಡ ನೋಡಿದ್ರ ಗಟ್ಟಿ ಅದಾವ, ಆದ್ರ ಓಡಾಕ ಬರಂಗಿಲ್ಲ.”

ಆಕೆಯ ಮಾತಿನಲ್ಲೇ ರೋಗದ ಒಗಟು ಇದೆ. ಮೀನಖಂಡ ದಪ್ಪವಾಗಿದೆ, ಆದರೆ ಬಲವಿಲ್ಲ. ಹೊರಗಿನಿಂದ ತುಂಬಿದಂತೆ ಕಾಣುವ ಆ ಕಾಲಿನ ಒಳಗೆ ಏನಾಗುತ್ತಿದೆ? ಎಷ್ಟು ಸ್ನಾಯು ಉಳಿದಿದೆ, ಎಷ್ಟು ಕೊಬ್ಬಾಗಿದೆ? ಕಳೆದ ವರ್ಷಕ್ಕೂ ಈ ವರ್ಷಕ್ಕೂ ಏನು ವ್ಯತ್ಯಾಸ? ಕೊಡುತ್ತಿರುವ ಔಷಧಿ ಕೆಲಸ ಮಾಡುತ್ತಿದೆಯೇ? ಕಾಲನ್ನು ಕೊಯ್ಯದೆ ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ದಾರಿ ವೈದ್ಯಕೀಯ ಚಿತ್ರಣ, ಅಂದರೆ ನಾವು ಸಾಮಾನ್ಯವಾಗಿ ಸ್ಕ್ಯಾನಿಂಗ್ ಎಂದು ಕರೆಯುವುದು. ಸುಮಾರು ನಲವತ್ತೈದು ವರ್ಷಗಳಲ್ಲಿ ಈ ವಿದ್ಯೆ ಎಲ್ಲಿಗೆ ಬಂದು ಮುಟ್ಟಿದೆ, ಯಾದಗಿರಿ, ಶಹಾಪುರ, ಸುರಪುರದಂಥ ಊರುಗಳ ಕುಟುಂಬಕ್ಕೆ ಅದರಿಂದ ಏನು ಸಿಕ್ಕೀತು ಎಂಬುದು ಈ ಲೇಖನದ ವಿಷಯ.

ಸ್ನಾಯುವಿನೊಳಗೆ ನಡೆಯುವುದು

ಸ್ನಾಯುಕ್ಷಯ, ಅಂದರೆ ಮಸ್ಕುಲರ್ ಡಿಸ್ಟ್ರೋಫಿ, ಒಂದೇ ರೋಗವಲ್ಲ, ಹತ್ತಾರು ವಂಶವಾಹಿ ರೋಗಗಳ ಗುಂಪು. ಮಕ್ಕಳಲ್ಲಿ ಹೆಚ್ಚು ಕಾಣುವುದು ಡುಶೆನ್ ಬಗೆ. ಹುಟ್ಟುವ 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಇದು ಬರುತ್ತದೆ. ಎಕ್ಸ್ ವರ್ಣತಂತುವಿನ ಮೇಲಿರುವ ಡಿಸ್ಟ್ರೋಫಿನ್ ಎಂಬ ವಂಶವಾಹಿಯಲ್ಲಿನ ದೋಷ ಇದಕ್ಕೆ ಕಾರಣ. ಆ ವಂಶವಾಹಿಯನ್ನು ವಿಜ್ಞಾನಿಗಳು ಗುರುತಿಸಿದ್ದು 1986–87ರಲ್ಲಿ. ಎಕ್ಸಾನ್ ಎಂಬ 79 ತುಣುಕುಗಳಿರುವ ಇದು ಮನುಷ್ಯನ ಅತಿ ದೊಡ್ಡ ವಂಶವಾಹಿಗಳಲ್ಲೊಂದು, ಹಾಗಾಗಿ ತಪ್ಪು ನುಸುಳಲು ಅವಕಾಶವೂ ಹೆಚ್ಚು.

ಡಿಸ್ಟ್ರೋಫಿನ್ ಸ್ನಾಯುತಂತುವಿನ ಹೊರಪೊರೆಯನ್ನು ಒಳಗಿನಿಂದ ಹಿಡಿದುಕೊಳ್ಳುವ ಪ್ರೋಟೀನು. ಅದಿಲ್ಲದಿದ್ದರೆ ಪ್ರತಿ ಹೆಜ್ಜೆಗೂ ಪೊರೆ ಹರಿಯುತ್ತದೆ. ದೇಹ ರಿಪೇರಿ ಮಾಡುತ್ತದೆ, ಮತ್ತೆ ಹರಿಯುತ್ತದೆ, ಉರಿಯೂತದ ನೀರು ತುಂಬುತ್ತದೆ. ರಿಪೇರಿಯ ಶಕ್ತಿ ಮುಗಿದ ಜಾಗದಲ್ಲಿ ಸ್ನಾಯುವಿನ ಬದಲು ಕೊಬ್ಬು ಮತ್ತು ನಾರು ಬೆಳೆಯುತ್ತವೆ. ಮೊದಲು ನೀರು, ಆಮೇಲೆ ಕೊಬ್ಬು ಎಂಬ ಈ ಕ್ರಮವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಸ್ಕ್ಯಾನಿಂಗ್ ಹಿಡಿಯುವುದು ಇವೆರಡನ್ನೇ.

ಸೊಂಟ ಮತ್ತು ಭುಜದ ಸ್ನಾಯುಗಳನ್ನು ಹಿಡಿಯುವ ಲಿಂಬ್ ಗರ್ಡಲ್ ಬಗೆಗಳು ಇನ್ನೊಂದು ದೊಡ್ಡ ಗುಂಪು. ಇವುಗಳಲ್ಲಿ ಬಹುಪಾಲು ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಕಾಣಿಸುತ್ತವೆ. ಹಾಗಾಗಿ ರಕ್ತಸಂಬಂಧದ ಮದುವೆ ಇಲ್ಲಿ ಲೆಕ್ಕಕ್ಕೆ ಬರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ನಂಟರೊಳಗೇ ನಡೆದಿವೆ. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಆದರೆ ಡುಶೆನ್ ಬಗೆಗೂ ಇಂಥ ಮದುವೆಗೂ ಸಂಬಂಧವಿಲ್ಲ. ಅದು ತಾಯಿಯ ಕಡೆಯಿಂದ ಬರಬಹುದು, ಸುಮಾರು ಮೂರನೇ ಒಂದು ಭಾಗದ ಮಕ್ಕಳಲ್ಲಿ ಯಾರಿಂದಲೂ ಬರದೆ ಹೊಸದಾಗಿಯೇ ಹುಟ್ಟುತ್ತದೆ. ಮಗನಿಗೆ ಈ ಕಾಯಿಲೆ ಬಂದದ್ದಕ್ಕೆ ಸೊಸೆಯನ್ನು ದೂರುವ ಮನೆಗಳು ಈ ಮಾತನ್ನು ಕೇಳಿಸಿಕೊಳ್ಳಬೇಕು. ತಾಯಿ ವಾಹಕಿಯಾಗಿದ್ದರೂ ಅದರಲ್ಲಿ ಆಕೆಯ ತಪ್ಪು ಏನೇನೂ ಇಲ್ಲ.

ಸೂಜಿಯಿಂದ ಚಿತ್ರದವರೆಗೆ

ಬದುಕಿರುವ ರೋಗಿಯ ಸ್ನಾಯುವನ್ನು ನೋಡುವ ಹಂಬಲ ಹಳೆಯದು. 1860ರ ದಶಕದಲ್ಲಿ, ಡುಶೆನ್ ಬಗೆಗೆ ಯಾರ ಹೆಸರಿದೆಯೋ ಆ ಫ್ರಾನ್ಸಿನ ವೈದ್ಯ ಡುಶೆನ್ ಒಂದು ಸೂಜಿಯನ್ನೇ ರೂಪಿಸಿ, ರೋಗಿಗಳ ಕಾಲಿನಿಂದ ಚೂರು ಸ್ನಾಯು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡಿದ. ಇಂದಿನ ಬಯಾಪ್ಸಿಗೆ ಅದು ಮೂಲ. ಬಯಾಪ್ಸಿ ಬಹಳಷ್ಟು ಹೇಳುತ್ತದೆ, ಆದರೆ ಅದು ಒಂದು ಸ್ನಾಯುವಿನ ಒಂದು ಚೂರಿನ ಸಾಕ್ಷಿ. ಪಕ್ಕದ ಸ್ನಾಯು ಹೇಗಿದೆ ಎಂದು ಅದು ಹೇಳಲಾರದು. ಪ್ರತಿ ವರ್ಷ ಮಗುವಿನ ತೊಡೆ ಕೊಯ್ಯಲೂ ಆಗದು.

1970ರ ದಶಕದಲ್ಲಿ ಸಿ.ಟಿ. ಸ್ಕ್ಯಾನ್ ಬಂದಾಗ ಮೊದಲ ಬಾರಿಗೆ ಇಡೀ ತೊಡೆಯ ಅಡ್ಡಕೊಯ್ತ ಕಾಣಿಸಿತು. ಸ್ನಾಯು ಬೂದು, ಕೊಬ್ಬು ಕಪ್ಪು. ಆದರೆ ಸಿ.ಟಿ.ಯಲ್ಲಿ ಎಕ್ಸ್‌ರೇ ವಿಕಿರಣವಿದೆ. ಬೆಳೆಯುವ ಮಗುವಿಗೆ ಮತ್ತೆ ಮತ್ತೆ ಮಾಡುವಂಥದ್ದಲ್ಲ. ಹೀಗಾಗಿ ಇಂದು ಸ್ನಾಯುಕ್ಷಯದ ಜಾಡು ಹಿಡಿಯಲು ಉಳಿದಿರುವ ಮುಖ್ಯ ಸಾಧನಗಳು ಎರಡು, ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ. ಎರಡರಲ್ಲೂ ವಿಕಿರಣದ ಭಯವಿಲ್ಲ.

ಅಲ್ಟ್ರಾಸೌಂಡ್: ಕೈಗೆಟಕುವ ಸಾಧನ

1980ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಜಾನ್ ಹೆಕ್‌ಮ್ಯಾಟ್, ವಿಕ್ಟರ್ ಡುಬೊವಿಟ್ಜ್ ಮತ್ತು ಸಂಗಡಿಗರು ಡಿಸ್ಟ್ರೋಫಿ ಇರುವ ಸ್ನಾಯು ಅಲ್ಟ್ರಾಸೌಂಡ್‌ನಲ್ಲಿ ಬೇರೆಯೇ ಕಾಣುತ್ತದೆ ಎಂದು ತೋರಿಸಿದರು. ಗರ್ಭಿಣಿಯ ಹೊಟ್ಟೆಯ ಮೇಲೆ ಆಡಿಸುವ ಅದೇ ಯಂತ್ರವನ್ನು ಮಗುವಿನ ತೊಡೆಯ ಮೇಲಿಟ್ಟರೆ, ಆರೋಗ್ಯವಂತ ಸ್ನಾಯು ಕಪ್ಪಗೆ ಕಾಣುತ್ತದೆ. ಅಲ್ಲಲ್ಲಿ ಬಿಳಿಯ ಚುಕ್ಕಿ, ಗೆರೆ. ಅಮಾವಾಸ್ಯೆಯ ರಾತ್ರಿ ಮಾಳಿಗೆಯ ಮೇಲೆ ಮಲಗಿ ನೋಡಿದ ಆಕಾಶದಂತೆ. ಕೆಳಗೆ ತೊಡೆಯ ಮೂಳೆ ಒಂದು ಬೆಳ್ಳನೆಯ ಗೆರೆಯಾಗಿ ಮಿನುಗುತ್ತದೆ. ರೋಗ ಬೆಳೆದಂತೆ ಆ ಕಪ್ಪು ಮಾಸುತ್ತದೆ. ಕೊಬ್ಬು, ನಾರು ಬೆರೆತ ಸ್ನಾಯು ಶಬ್ದತರಂಗವನ್ನು ಚದುರಿಸಿ, ಇಡೀ ತೆರೆ ಮಬ್ಬು ಬಿಳಿಯಾಗುತ್ತದೆ. ಕೊನೆಗೆ ತರಂಗ ಮೂಳೆಯವರೆಗೆ ಇಳಿಯುವುದೇ ಇಲ್ಲ, ಮೂಳೆಯ ಗೆರೆ ಮಾಯವಾಗುತ್ತದೆ. 1982ರಲ್ಲಿ ಹೆಕ್‌ಮ್ಯಾಟ್ ಇದನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದ. ಒಂದನೇ ಮೆಟ್ಟಿಲು ಆರೋಗ್ಯ, ನಾಲ್ಕನೆಯದು ಮೂಳೆಯೇ ಕಾಣದ ಸ್ಥಿತಿ. ನಲವತ್ತು ವರ್ಷ ಕಳೆದರೂ ವೈದ್ಯರು ಅದೇ ಮೆಟ್ಟಿಲನ್ನು ಬಳಸುತ್ತಿದ್ದಾರೆ.

ಇದರ ದೊಡ್ಡ ಗುಣ ಸರಳತೆ. ಹತ್ತು ನಿಮಿಷ ಸಾಕು, ಮಗುವಿಗೆ ಮಂಪರು ಬರಿಸಬೇಕಿಲ್ಲ, ತಾಯಿಯ ತೊಡೆಯ ಮೇಲೆ ಕೂತೇ ಮಾಡಿಸಿಕೊಳ್ಳಬಹುದು. ದೊಡ್ಡ ದೋಷ, ಅದು ಮಾಡುವವರ ಕೈಯನ್ನು ಅವಲಂಬಿಸಿದೆ. ಗುಂಡಿ ತಿರುಗಿಸಿ ತೆರೆಯ ಹೊಳಪು ಹೆಚ್ಚಿಸಿದರೆ ಒಳ್ಳೆಯ ಸ್ನಾಯುವೂ ಬಿಳಿಯಾಗಿ ಕಾಣುತ್ತದೆ. ಆದ್ದರಿಂದ ಸೊಂಟದ ಮೂಳೆಗೂ ಮೊಣಕಾಲಿನ ಚಿಪ್ಪಿಗೂ ನಡುವೆ ಅಳೆದು ಗುರುತಿಸಿದ ಅದೇ ಜಾಗ, ಅದೇ ಆಳ, ಅದೇ ಹೊಳಪು ಎಂದು ಬರೆದಿಟ್ಟುಕೊಂಡು ಪ್ರತಿ ಸಲ ಹಾಗೆಯೇ ಮಾಡಬೇಕು. ಹಾಗೆ ಮಾಡಿದರೆ ಕಂಪ್ಯೂಟರ್ ಆ ಬೂದು ಬಣ್ಣವನ್ನು ಅಂಕಿಯಾಗಿ ಕೊಡುತ್ತದೆ, ಒಂದು ವರ್ಷದ ಅಂಕಿಯನ್ನು ಇನ್ನೊಂದು ವರ್ಷದ್ದಕ್ಕೆ ಹೋಲಿಸಬಹುದು.

ಎಂಆರ್‌ಐ: ಕೊಬ್ಬು, ನೀರು ಎರಡನ್ನೂ ಬೇರ್ಪಡಿಸುವ ಕಣ್ಣು

ಎಂಆರ್‌ಐ ಯಂತ್ರ ಬಲವಾದ ಆಯಸ್ಕಾಂತ. ನಮ್ಮ ದೇಹದ ನೀರಿನಲ್ಲೂ ಕೊಬ್ಬಿನಲ್ಲೂ ಇರುವ ಹೈಡ್ರೋಜನ್ ಕಣಗಳನ್ನು ಅದು ಮಿಡಿಯುವಂತೆ ಮಾಡಿ, ಆ ಮಿಡಿತವನ್ನು ಚಿತ್ರವಾಗಿಸುತ್ತದೆ. ‘ಟಿ1’ ಎಂಬ ಬಗೆಯ ಚಿತ್ರದಲ್ಲಿ ಕೊಬ್ಬು ಬೆಳ್ಳಗೆ, ಸ್ನಾಯು ಬೂದು. ‘ಸ್ಟರ್’ ಎಂಬ ಬಗೆಯಲ್ಲಿ ಕೊಬ್ಬನ್ನು ಅಡಗಿಸಿ ನೀರನ್ನು ಮಾತ್ರ ಬೆಳ್ಳಗೆ ತೋರಿಸುತ್ತಾರೆ. ಮೊದಲನೆಯದು ಆಗಿಹೋದ ನಷ್ಟವನ್ನು ಹೇಳಿದರೆ, ಎರಡನೆಯದು ಈಗ ನಡೆಯುತ್ತಿರುವ ಹಾನಿಯನ್ನು ಹೇಳುತ್ತದೆ. ಸುಟ್ಟ ಹೊಲಕ್ಕೂ ಉರಿಯುತ್ತಿರುವ ಹೊಲಕ್ಕೂ ಇರುವ ವ್ಯತ್ಯಾಸ ಇದು. ಉರಿಯುತ್ತಿರುವ ಹೊಲವನ್ನು ಇನ್ನೂ ಉಳಿಸಿಕೊಳ್ಳಬಹುದು.

1984ರಲ್ಲಿ ಥಾಮಸ್ ಡಿಕ್ಸನ್ ಎಂಬಾತ ಇನ್ನೊಂದು ಉಪಾಯ ತೋರಿಸಿದ. ನೀರಿನ ಹೈಡ್ರೋಜನ್‌ಗಿಂತ ಕೊಬ್ಬಿನ ಹೈಡ್ರೋಜನ್ ತುಸು ನಿಧಾನವಾಗಿ ಮಿಡಿಯುತ್ತದೆ. ಎರಡು ಡೊಳ್ಳು ಒಟ್ಟಿಗೆ ಶುರುವಾಗಿ, ಒಂದು ಕೊಂಚ ಹಿಂದೆ ಬಿದ್ದರೆ, ಕೆಲವೊಮ್ಮೆ ಪೆಟ್ಟು ಕೂಡುತ್ತದೆ, ಕೆಲವೊಮ್ಮೆ ತಪ್ಪುತ್ತದೆ. ಕೂಡಿದಾಗ ಒಂದು ಚಿತ್ರ, ತಪ್ಪಿದಾಗ ಇನ್ನೊಂದು ಚಿತ್ರ ತೆಗೆದು ಲೆಕ್ಕ ಹಾಕಿದರೆ, ಒಂದೊಂದು ಸ್ನಾಯುವಿನಲ್ಲಿ ಕೊಬ್ಬಿನ ಪಾಲು ನೂರಕ್ಕೆ ಎಷ್ಟು ಎಂದು ಸಿಗುತ್ತದೆ. ಆರೋಗ್ಯವಂತ ಮಗುವಿನ ಸ್ನಾಯುವಿನಲ್ಲಿ ಅದು ಕೆಲವೇ ಪ್ರತಿಶತ. ಇದನ್ನು ‘ಕೊಬ್ಬಿನಂಶ’ ಎಂದು ಕರೆಯೋಣ. ಇವತ್ತು ಜಗತ್ತಿನಾದ್ಯಂತ ಸ್ನಾಯುಕ್ಷಯದ ಅಧ್ಯಯನಗಳು ಹೆಚ್ಚು ನೆಚ್ಚಿಕೊಂಡಿರುವ ಅಂಕಿ ಇದು.

ಯಾವ ಸ್ನಾಯು ಮೊದಲು, ಯಾವುದು ಕೊನೆಗೆ

ಕೊಬ್ಬಾಗುವುದು ಎಲ್ಲ ಸ್ನಾಯುಗಳಲ್ಲೂ ಒಂದೇ ಸಲ ಅಲ್ಲ. ಪ್ರತಿ ರೋಗಕ್ಕೂ ತನ್ನದೇ ಕ್ರಮವಿದೆ. ಬೆಂಗಳೂರಿನ ನಿಮ್ಹಾನ್ಸ್ ತಂಡ 2016ರಲ್ಲಿ, ವಂಶವಾಹಿ ಪರೀಕ್ಷೆಯಲ್ಲಿ ಡುಶೆನ್ ಖಚಿತವಾದ ಮಕ್ಕಳ ಸೊಂಟ ಮತ್ತು ತೊಡೆಯ ಎಂಆರ್‌ಐ ಅಧ್ಯಯನವನ್ನು ಪ್ರಕಟಿಸಿತು. ಪೃಷ್ಠದ ದೊಡ್ಡ ಸ್ನಾಯು ಗ್ಲೂಟಿಯಸ್ ಮ್ಯಾಕ್ಸಿಮಸ್ ಮತ್ತು ತೊಡೆಯ ಒಳಮಗ್ಗುಲಿನ ಅಡಕ್ಟರ್ ಮ್ಯಾಗ್ನಸ್ ಹೆಚ್ಚು ಹಾಳಾಗಿದ್ದವು. ಗ್ರಾಸಿಲಿಸ್, ಸಾರ್ಟೋರಿಯಸ್, ಸೆಮಿಟೆಂಡಿನೋಸಸ್ ಎಂಬ ಸಣ್ಣ, ಉದ್ದನೆಯ ಸ್ನಾಯುಗಳು ಬಹುಕಾಲ ಉಳಿದಿದ್ದವು.

ಈಗ ನೆಲದಿಂದ ಏಳುವ ಆ ಹುಡುಗನನ್ನು ಮತ್ತೆ ನೆನೆಸಿಕೊಳ್ಳಿ. ಬಗ್ಗಿದ ಸೊಂಟವನ್ನು ನೆಟ್ಟಗೆ ಮಾಡುವುದು ಪೃಷ್ಠದ ದೊಡ್ಡ ಸ್ನಾಯು. ಅದೇ ಮೊದಲು ಹೋಗಿರುವುದರಿಂದ ಅವನ ಕೈ ಆ ಕೆಲಸಕ್ಕೆ ಬರುತ್ತದೆ. ಸಾರ್ಟೋರಿಯಸ್ ಅಂದರೆ ದರ್ಜಿಯ ಸ್ನಾಯು. ಹಳೆಯ ಕಾಲದ ದರ್ಜಿ ಚಕ್ಕಳಮಕ್ಕಳ ಹಾಕಿ ಕೂರುವಾಗ ಕಾಲು ಮಡಿಸಲು ನೆರವಾಗುವಂಥದ್ದು. ಅದು ಉಳಿದಿರುತ್ತದೆ. ಬೆಳೆದ ರೋಗದಲ್ಲಿ ತೊಡೆಯ ಅಡ್ಡಕೊಯ್ತದ ಚಿತ್ರ ತೆರೆಯ ಮೇಲೆ ಬಂದಾಗ, ನಡುವೆ ಮೂಳೆಯ ದುಂಡು ಬಳೆ, ಸುತ್ತಲೂ ಬೆಣ್ಣೆಯಂತೆ ಬೆಳ್ಳಗಾದ ದೊಡ್ಡ ಸ್ನಾಯುಗಳು, ಒಳಮಗ್ಗುಲಲ್ಲಿ ಮಾತ್ರ ಎರಡು ಮೂರು ಬೂದು ದ್ವೀಪಗಳು. ಆ ದ್ವೀಪಗಳೇ ಗ್ರಾಸಿಲಿಸ್, ಸಾರ್ಟೋರಿಯಸ್.

ಬೇರೆ ರೋಗಗಳ ಕ್ರಮ ಬೇರೆ. ಡಿಸ್ಫರ್ಲಿನ್ ಎಂಬ ಇನ್ನೊಂದು ವಂಶವಾಹಿಯ ದೋಷದಲ್ಲಿ ಮೀನಖಂಡದ ಸ್ನಾಯು ಬಹಳ ಬೇಗ ಹಾಳಾಗುತ್ತದೆ. ಜಿಎನ್‌ಇ ಮಯೋಪತಿ ಎಂಬ ಇನ್ನೊಂದು ಸ್ನಾಯುರೋಗದಲ್ಲಿ ತೊಡೆಯ ಮುಂಭಾಗದ ಸ್ನಾಯು ಕೊನೆಯವರೆಗೂ ಉಳಿದಿರುತ್ತದೆ. ಮುಖ ಮತ್ತು ಭುಜದ ಸ್ನಾಯುಗಳನ್ನು ಹಿಡಿಯುವ ಎಫ್‌ಎಸ್‌ಎಚ್‌ಡಿಯಲ್ಲಿ ಎಡಕ್ಕೂ ಬಲಕ್ಕೂ ತಾಳೆಯಿರುವುದಿಲ್ಲ. ಇಂಥ ಕ್ರಮಗಳನ್ನು ಬರಿಗಣ್ಣಿನಿಂದಲೇ ಗುರುತಿಸುವುದರಲ್ಲಿ ಭಾರತೀಯ ವೈದ್ಯರ ಪಾಲು ದೊಡ್ಡದು. ಡುಶೆನ್‌ನಲ್ಲಿ ಭುಜದ ಹಿಂದೆ ಮೂಡುವ ‘ಕಣಿವೆ’ಯನ್ನೂ ಡಿಸ್ಫರ್ಲಿನ್ ದೋಷದಲ್ಲಿ ತೊಡೆಯ ಮೇಲೆ ಏಳುವ ‘ವಜ್ರ’ದಾಕಾರದ ಉಬ್ಬನ್ನೂ ವಿವರಿಸಿದವರು ಲಖನೌದ ನರರೋಗ ತಜ್ಞ ಸುನಿಲ್ ಪ್ರಧಾನ್. ಎಂಆರ್‌ಐ ಆ ಗಮನಿಕೆಗೆ ಒಳನೋಟ ಸೇರಿಸಿದೆ.

ಹೆಸರು ಹಿಡಿಯುವುದಕ್ಕೆ ಚಿತ್ರ ನೆರವಾಗುತ್ತದೆ, ಆದರೆ ಕೊನೆಯ ಮಾತು ವಂಶವಾಹಿ ಪರೀಕ್ಷೆಯದು. ಲಿಂಬ್ ಗರ್ಡಲ್ ಗುಂಪಿನ ಸಾರ್ಕೋಗ್ಲೈಕನ್ ದೋಷಗಳ ಬಗ್ಗೆ ನಿಮ್ಹಾನ್ಸ್ ತಂಡ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೀಟಾ ಸಾರ್ಕೋಗ್ಲೈಕನ್ ವಂಶವಾಹಿಯ ಒಂದೇ ಬದಲಾವಣೆ ಮತ್ತೆ ಮತ್ತೆ ಸಿಕ್ಕಿತು. ಹೊರದೇಶದ ವಂಶವಾಹಿ ದೋಷಗಳ ಪಟ್ಟಿ ನಮ್ಮ ಜನಕ್ಕೆ ಹಾಗೇ ಹೊಂದುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಯುರೋಪಿನ ರೋಗಿಗಳ ಚಿತ್ರ ನೋಡಿ ಕಲಿತ ಕಂಪ್ಯೂಟರ್ ಬುದ್ಧಿ ನಮ್ಮ ರೋಗಿಗಳನ್ನೂ ಸರಿಯಾಗಿ ಗುರುತಿಸಬೇಕಾದರೆ, ಅದಕ್ಕೆ ನಮ್ಮ ಮಕ್ಕಳ ಚಿತ್ರಗಳನ್ನೂ ಕಲಿಸಬೇಕು.

ವರ್ಷದಿಂದ ವರ್ಷಕ್ಕೆ

ಈ ವಿದ್ಯೆಯ ನಿಜವಾದ ಬೆಲೆ ಮರುಚಿತ್ರದಲ್ಲಿದೆ. ಮಗು ಬೆಳೆಯುತ್ತದೆ, ಆರೇಳು ವರ್ಷದವರೆಗೆ ರೋಗವಿದ್ದರೂ ನಡಿಗೆ ಸುಧಾರಿಸಿದಂತೆ ಕಾಣುತ್ತದೆ. ಆರು ನಿಮಿಷದಲ್ಲಿ ಎಷ್ಟು ದೂರ ನಡೆದ ಎಂಬ ಪರೀಕ್ಷೆಯಲ್ಲಿ ಹೋದ ವರ್ಷಕ್ಕಿಂತ ಹೆಚ್ಚೇ ನಡೆಯಬಹುದು. ಮನೆಯವರು ಹಿಗ್ಗುತ್ತಾರೆ, ಔಷಧಿ ಬಿಡುವವರೂ ಇದ್ದಾರೆ. ಅದೇ ಹೊತ್ತಿಗೆ ತೊಡೆಯೊಳಗೆ ಕೊಬ್ಬು ಏರುತ್ತಿರುತ್ತದೆ. 2010ರಲ್ಲಿ ಅಮೆರಿಕದಲ್ಲಿ ಶುರುವಾದ ‘ಇಮೇಜಿಂಗ್ ಡಿಎಂಡಿ’ ಎಂಬ ಬಹು ಆಸ್ಪತ್ರೆಗಳ ಅಧ್ಯಯನ ಇದನ್ನೇ ತೋರಿಸಿತು. ಪರೀಕ್ಷೆಯಲ್ಲಿ ಶಕ್ತಿ ಕುಗ್ಗದ ಹುಡುಗರಲ್ಲೂ ಹನ್ನೆರಡು ತಿಂಗಳಲ್ಲಿ ಎಂಆರ್‌ಐ ಬದಲಾವಣೆಯನ್ನು ಹಿಡಿದಿತ್ತು. ಸ್ಟೆರಾಯ್ಡ್ ತೆಗೆದುಕೊಳ್ಳುವ ಹುಡುಗರಲ್ಲಿ ಕೊಬ್ಬು ಏರುವ ವೇಗ ಕಡಿಮೆ ಇರುವುದೂ ಚಿತ್ರಗಳಲ್ಲಿ ಕಂಡಿತು. ತೊಡೆಯ ಹೊರಮಗ್ಗುಲಿನ ವಾಸ್ಟಸ್ ಲ್ಯಾಟರಾಲಿಸ್ ಸ್ನಾಯು ಈ ಅಳತೆಗೆ ಮುಖ್ಯ ಸಾಕ್ಷಿ. ಅದರಲ್ಲಿ ಕೊಬ್ಬು ಅರ್ಧದತ್ತ ಸಾಗುತ್ತಿದ್ದಂತೆ ನಡಿಗೆ ನಿಲ್ಲುವ ದಿನ ಹತ್ತಿರವಾಗುತ್ತದೆ.

ಔಷಧಿ ಕಂಪನಿಗಳೂ ಇದನ್ನು ಒಪ್ಪಿಕೊಂಡಿವೆ. 2024ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಗಿವಿನೋಸ್ಟಾಟ್ ಔಷಧಿಯ ದೊಡ್ಡ ಪರೀಕ್ಷೆಯಲ್ಲಿ, ಮುಖ್ಯ ಗುಂಪಿಗೆ ಸೇರಬೇಕಾದ ಹುಡುಗರ ವಾಸ್ಟಸ್ ಲ್ಯಾಟರಾಲಿಸ್‌ನಲ್ಲಿ ಕೊಬ್ಬಿನಂಶ ಶೇ. 5ಕ್ಕಿಂತ ಹೆಚ್ಚು, ಶೇ. 30ರೊಳಗೆ ಇರಬೇಕಿತ್ತು. ಅಂದರೆ ಚಿತ್ರಣದ ಅಂಕಿ ಇಂದು ಔಷಧಿಯ ಬಾಗಿಲಲ್ಲಿ ನಿಂತು ಯಾರು ಒಳಗೆ ಬರಬೇಕು ಎಂದು ಹೇಳುವ ಮಟ್ಟಕ್ಕೆ ಬಂದಿದೆ. ನಾಳೆ ಒಂದು ಔಷಧಿ ನಮ್ಮ ಮಕ್ಕಳಿಗೂ ಸಿಗುವ ದಿನ ಬಂದರೆ, ಹಿಂದಿನ ವರ್ಷಗಳ ಚಿತ್ರ ಇಟ್ಟುಕೊಂಡ ಮಗುವಿನ ರೋಗ ಎಷ್ಟು ವೇಗದಲ್ಲಿ ನಡೆಯುತ್ತಿದೆ ಎಂದು ವೈದ್ಯರಿಗೆ ಕೂಡಲೇ ತಿಳಿದೀತು.

ಹೃದಯವೂ ಸ್ನಾಯುವೇ. ಡುಶೆನ್ ಮಕ್ಕಳಲ್ಲಿ ಹೃದಯದ ಎಡ ಕೋಣೆಯ ಹೊರ ಕೆಳಗೋಡೆಯಲ್ಲಿ ಮೊದಲು ಗಾಯದ ಕಲೆ ಬೀಳುತ್ತದೆ. ಎಕೋ ಪರೀಕ್ಷೆ ಚೆನ್ನಾಗಿದೆ ಎನ್ನುತ್ತಿರುವಾಗಲೇ ಗ್ಯಾಡೋಲಿನಿಯಂ ಎಂಬ ದ್ರವ್ಯ ಚುಚ್ಚಿ ಮಾಡುವ ಹೃದಯದ ಎಂಆರ್‌ಐ ಆ ಕಲೆಯನ್ನು ತೋರಿಸಬಲ್ಲದು. ಹೃದಯದ ಮಾತ್ರೆ ಯಾವಾಗ ಶುರು ಮಾಡಬೇಕು ಎಂಬ ನಿರ್ಧಾರಕ್ಕೆ ಇದರಿಂದ ಬಲ ಬರುತ್ತದೆ. ಎಂಆರ್‌ಐ ಸಿಗದ ಕಡೆ ಪ್ರತಿ ವರ್ಷ ಎಕೋ ಮಾಡಿಸುವುದನ್ನಂತೂ ಬಿಡಬಾರದು.

ಹೊಸ ವಿಧಾನಗಳೂ ಬರುತ್ತಿವೆ. ಚರ್ಮದ ಮೇಲಿಂದ ಬೆಳಕು ಹಾಯಿಸಿ, ಅದರಿಂದ ಹುಟ್ಟುವ ಶಬ್ದ ಕೇಳಿ ನಾರಿನ ಅಂಶ ಅಳೆಯುವ ವಿಧಾನವನ್ನು ಜರ್ಮನಿಯ ಸಂಶೋಧಕರು 2019ರಲ್ಲಿ ಡುಶೆನ್ ಮಕ್ಕಳಲ್ಲಿ ಪ್ರಯೋಗಿಸಿ ತೋರಿಸಿದ್ದಾರೆ. ಸ್ನಾಯು ಎಷ್ಟು ಬಿಗಿದಿದೆ ಎಂದು ಅಳೆಯುವ ಅಲ್ಟ್ರಾಸೌಂಡೂ ಇದೆ. ಇವು ಇನ್ನೂ ಸಂಶೋಧನೆಯ ಹಂತದವು.

ಚಿತ್ರ ಮಾಡಲಾರದ್ದು

ಮಿತಿಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಸ್ಕ್ಯಾನಿಂಗ್ ಚಿಕಿತ್ಸೆಯಲ್ಲ. “ಎಂಆರ್‌ಐ ಮಾಡಿಸಿದೆವು, ಆದರೂ ಕಡಿಮೆಯಾಗಲಿಲ್ಲ” ಎಂದು ನೊಂದುಕೊಳ್ಳುವ ತಂದೆ ತಾಯಿಗಳಿದ್ದಾರೆ. ಸಾಲ ಮಾಡಿ ಚಿತ್ರ ತೆಗೆಸುವ ಮೊದಲು ಅದರಿಂದ ಯಾವ ನಿರ್ಧಾರ ಬದಲಾಗುತ್ತದೆ ಎಂದು ವೈದ್ಯರನ್ನು ಕೇಳುವ ಹಕ್ಕು ಅವರಿಗಿದೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ಆ ಕೊಳವೆಯೊಳಗೆ ಅಲುಗಾಡದೆ ಮಲಗಬೇಕು. ಯಂತ್ರದ ಸದ್ದಿಗೆ ಸಣ್ಣ ಮಕ್ಕಳು ಹೆದರುತ್ತಾರೆ. ಮಂಪರು ಕೊಡಬೇಕಾಗಿ ಬಂದರೆ ಎಚ್ಚರ ಬೇಕೇ ಬೇಕು. ಡುಶೆನ್ ಮಕ್ಕಳಿಗೆ ಸಕ್ಸಿನೈಲ್ ಕೋಲಿನ್ ಎಂಬ ಅರಿವಳಿಕೆಯ ಔಷಧಿ ಪ್ರಾಣಕ್ಕೆ ಅಪಾಯ. ಉಸಿರಿನ ಮೂಲಕ ಕೊಡುವ ಅರಿವಳಿಕೆ ಅನಿಲಗಳೂ ಒಳ್ಳೆಯದಲ್ಲ. ಮಗನಿಗೆ ಡಿಸ್ಟ್ರೋಫಿ ಇದೆ ಎಂದು ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಬೇಕು, ಕಾಗದ ತೋರಿಸಬೇಕು.

ಇನ್ನೊಂದು ಸಣ್ಣ ಸಂಗತಿ. ಆಯಸ್ಕಾಂತದ ಕೋಣೆಗೆ ಲೋಹ ಒಯ್ಯುವಂತಿಲ್ಲ. ತಿಂಥಣಿ ಮೌನೇಶ್ವರನ ಹರಕೆಯದೋ ಮೈಲಾಪುರದ ಮಲ್ಲಯ್ಯನದೋ ತಾಯತ, ದರ್ಗಾದಲ್ಲಿ ಕಟ್ಟಿದ ಬಿಲ್ಲೆ, ಉಡದಾರದ ಬೆಳ್ಳಿ, ಎಲ್ಲವನ್ನೂ ಬಿಚ್ಚಬೇಕು. ಮಗನಿಗೆ ಏನಾದರೂ ಆದೀತು ಎಂದು ತಾಯಿಗೆ ಜೀವ ಹೊಡೆದುಕೊಳ್ಳುತ್ತದೆ. ಆಕೆಯನ್ನು ಗದರಿಸಿ ತಾಯತ ಕಿತ್ತುಕೊಳ್ಳಬಾರದು. ಆಕೆಯ ಕೈಯಲ್ಲೇ ಬಿಚ್ಚಿಸಿ, ಆಕೆಯ ಸೆರಗಿನಲ್ಲೇ ಕಟ್ಟಿಸಿ, ಹೊರಬಂದ ಮೇಲೆ ಮತ್ತೆ ಕಟ್ಟಬಹುದು ಎಂದು ಹೇಳಿದರೆ ಸಾಕು.

ಯಾದಗಿರಿ, ಶಹಾಪುರ, ಸುರಪುರದ ಲೆಕ್ಕ

2010ರಲ್ಲಿ ಕಲಬುರಗಿಯಿಂದ ಬೇರೆಯಾದ ಯಾದಗಿರಿ ಜಿಲ್ಲೆ ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ತಾಲ್ಲೂಕುಗಳಿಂದ ಆದದ್ದು. ಹುಣಸಗಿ, ವಡಗೇರಾ, ಗುರುಮಠಕಲ್ ಆಮೇಲೆ ಸೇರಿದವು. 2011ರ ಜನಗಣತಿಯಲ್ಲಿ ಜನಸಂಖ್ಯೆ ಸುಮಾರು 11.74 ಲಕ್ಷ. ಲೆಕ್ಕದ ಅನುಕೂಲಕ್ಕೆ ವರ್ಷಕ್ಕೆ ಹತ್ತು ಸಾವಿರ ಗಂಡುಮಕ್ಕಳು ಹುಟ್ಟುತ್ತಾರೆ ಎಂದಿಟ್ಟುಕೊಂಡರೆ, ಡುಶೆನ್ ಇರುವವರು ಇಬ್ಬರೋ ಮೂವರೋ ಆಗುತ್ತಾರೆ. ಹತ್ತು ಹದಿನೈದು ವರ್ಷದ ಲೆಕ್ಕ ಹಿಡಿದರೆ ಊರೂರಿನಲ್ಲಿ ಚದುರಿ ಹೋದ ಹತ್ತಾರು ಮಕ್ಕಳು. ಬೇರೆ ಬಗೆಗಳವರು ಇದಕ್ಕೆ ಹೊರತು.

ಈ ಮಕ್ಕಳಿಗೆ ಮೊದಲ ತೊಡಕು ಗುರುತಿಸುವುದರಲ್ಲೇ ಇದೆ. ಯಾದಗಿರಿ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಿವೆ. ಫ್ಲೋರೋಸಿಸ್‌ನಿಂದಲೂ ವಿಟಮಿನ್ ಡಿ ಕೊರತೆಯ ರಿಕೆಟ್ಸ್‌ನಿಂದಲೂ ಮಕ್ಕಳು ಬಾತುಕೋಳಿಯಂತೆ ವಾಲಾಡಿ ನಡೆಯುತ್ತಾರೆ. ಅಲ್ಲಿ ಸಾದಾ ಎಕ್ಸ್‌ರೇ ಬಹಳ ಕೆಲಸಕ್ಕೆ ಬರುತ್ತದೆ. ಮೂಳೆಯಲ್ಲಿ ದೋಷವಿಲ್ಲದೆ ನಡಿಗೆ ವಾಲಿದರೆ, ಮೀನಖಂಡ ದಪ್ಪವಿದ್ದರೆ, ರಕ್ತದ ಸಿ.ಪಿ.ಕೆ. ಪರೀಕ್ಷೆ ಮಾಡಿಸಬೇಕು. ಇನ್ನೂರರೊಳಗೆ ಇರಬೇಕಾದ ಅಂಕಿ ಡುಶೆನ್‌ನಲ್ಲಿ ಹತ್ತು ಸಾವಿರ ದಾಟುವುದುಂಟು. ಎಸ್‌ಜಿಒಟಿ, ಎಸ್‌ಜಿಪಿಟಿ ಕೂಡ ಏರುತ್ತವೆ. ಅದನ್ನು ನೋಡಿ ಕಾಮಾಲೆ ಎಂದು ತಿಳಿದು ತಿಂಗಳುಗಟ್ಟಲೆ ಔಷಧಿ ಕೊಡುವ ತಪ್ಪು ದೇಶದೆಲ್ಲೆಡೆ ಆಗುತ್ತದೆ. ಆ ಕಿಣ್ವಗಳು ಯಕೃತ್ತಿನಿಂದಷ್ಟೇ ಅಲ್ಲ, ಸ್ನಾಯುವಿನಿಂದಲೂ ಬರುತ್ತವೆ.

ಎರಡನೆಯದು ದೂರ. ಯಾದಗಿರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಆದರೆ ಸ್ನಾಯುರೋಗದ ವಿಶೇಷ ಚಿಕಿತ್ಸಾಲಯಕ್ಕೆ ನಿಮ್ಹಾನ್ಸ್‌ಗೇ ಹೋಗಬೇಕು. ಅದು ಸುಮಾರು ಐನೂರು ಕಿಲೋಮೀಟರ್. ಯಾದಗಿರಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಒಂದು ರಾತ್ರಿಯ ಪ್ರಯಾಣ. ಶಹಾಪುರ, ಸುರಪುರದಲ್ಲಿ ರೈಲು ನಿಲ್ದಾಣವೇ ಇಲ್ಲ, ಮೊದಲು ಬಸ್ಸಿನಲ್ಲಿ ಯಾದಗಿರಿಗೆ ಬರಬೇಕು. ನಡೆಯಲಾಗದ ಹನ್ನೆರಡು ವರ್ಷದ ಹುಡುಗನನ್ನು ಬಸ್ಸಿನ ಮೆಟ್ಟಿಲಿಗೆ, ರೈಲಿನ ಮೆಟ್ಟಿಲಿಗೆ ಎತ್ತಿ ಹತ್ತಿಸುವ ತಂದೆಯ ಬೆನ್ನನ್ನೂ ಈ ಲೆಕ್ಕದಲ್ಲಿ ಸೇರಿಸಬೇಕು.

ಹಾಗಾದರೆ ಏನು ಮಾಡಬಹುದು? ಮೂರು ಹಂತದ ದಾರಿ ನನಗೆ ಸಾಧ್ಯವೆನಿಸುತ್ತದೆ.

ಮೊದಲನೆಯದು ಊರು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಶಾಲೆಗೂ ಹೋಗುತ್ತವೆ. ಪ್ರತಿ ಹುಡುಗನನ್ನೂ ಒಮ್ಮೆ ನೆಲದಿಂದ ಎಬ್ಬಿಸಿ ನೋಡುವುದನ್ನು ಅವರ ಪಟ್ಟಿಯ ಖಾಯಂ ಕೆಲಸ ಮಾಡಿದರೆ ಖರ್ಚೇ ಇಲ್ಲ.

ಎರಡನೆಯದು ತಾಲ್ಲೂಕು ಮತ್ತು ಜಿಲ್ಲೆ. ಸ್ನಾಯುವಿನ ಅಲ್ಟ್ರಾಸೌಂಡ್‌ಗೆ ಹೊಸ ಯಂತ್ರ ಬೇಡ, ಇರುವುದೇ ಸಾಕು. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಬಂದ ಕಾಯ್ದೆ ಪ್ರತಿ ಯಂತ್ರದ ನೋಂದಣಿ ಕೇಳುತ್ತದೆ, ಅದನ್ನು ಎಲ್ಲೆಂದರಲ್ಲಿ ಒಯ್ಯಲು ಬಿಡುವುದಿಲ್ಲ. ಆ ಬಿಗಿ ಇರಲೇಬೇಕು. ಆದ್ದರಿಂದ ನೋಂದಾಯಿತ ಯಂತ್ರವಿರುವ ಆಸ್ಪತ್ರೆಯಲ್ಲೇ ತಿಂಗಳಿಗೊಂದು ದಿನ ಸ್ನಾಯು ತಪಾಸಣೆಗೆ ಮೀಸಲಿಟ್ಟು, ರೇಡಿಯಾಲಜಿ ವೈದ್ಯರಿಗೆ ಹೆಕ್‌ಮ್ಯಾಟ್‌ನ ಆ ನಾಲ್ಕು ಮೆಟ್ಟಿಲುಗಳ ತರಬೇತಿ ಕೊಡಿಸಬಹುದು. ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಆರಂಭವಾದ ಕರ್ನಾಟಕ ಬ್ರೈನ್ ಹೆಲ್ತ್ ಯೋಜನೆ ಈ ತರಬೇತಿಗೆ ಒಳ್ಳೆಯ ಸೇತುವೆಯಾದೀತು. ಭ್ರೂಣಲಿಂಗ ಪತ್ತೆ ತಡೆಯುವ ಅದೇ ಕಾಯ್ದೆ ಲಿಂಗಸಂಬಂಧಿ ವಂಶವಾಹಿ ರೋಗಗಳಿಗೆ ಗರ್ಭಾವಸ್ಥೆಯಲ್ಲಿ ಪರೀಕ್ಷೆ ಮಾಡಲು ಅವಕಾಶವನ್ನೂ ಕೊಟ್ಟಿದೆ. ಒಬ್ಬ ಮಗನಿಗೆ ಡುಶೆನ್ ಖಚಿತವಾದ ಮನೆಗೆ ಮುಂದಿನ ಬಸಿರಿಗಿಂತ ಮೊದಲೇ ಈ ಮಾತು ತಿಳಿದಿರಬೇಕು.

ಮೂರನೆಯದು ಬೆಂಗಳೂರು. ವರ್ಷಕ್ಕೊಮ್ಮೆ ಒಂದೇ ಬಗೆಯ ಎಂಆರ್‌ಐ, ವಂಶವಾಹಿ ಪರೀಕ್ಷೆ, ಹೃದಯದ ತಪಾಸಣೆ. ನಮ್ಮ ಜಿಲ್ಲೆಯ ಸಾವಿರಾರು ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೇ ಗುಳೆ ಹೋಗುತ್ತವೆ, ಮುಂಗಾರಿಗೆ ಮರಳುತ್ತವೆ. ಗುಳೆ ನೋವಿನ ಸಂಗತಿ. ಆದರೆ ಹೇಗೂ ಅಲ್ಲಿರುವ ತಿಂಗಳುಗಳಲ್ಲೇ ಮಗುವಿನ ವಾರ್ಷಿಕ ತಪಾಸಣೆಯ ದಿನ ಗೊತ್ತು ಮಾಡಿದರೆ ಪ್ರಯಾಣದ ಖರ್ಚು ಉಳಿಯುತ್ತದೆ. ಅದಕ್ಕೆ ಬೇಕಾದ್ದು ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಒಂದು ಸಾಲು, ಆಸ್ಪತ್ರೆಗೆ ಒಂದು ಫೋನು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸ್ನಾಯುಕ್ಷಯವನ್ನು ಹೆಸರಿಸಿ ಸೇರಿಸಿಕೊಂಡಿದೆ. ಮಗುವಿಗೆ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸುವುದು ಹಕ್ಕು, ಯಾರ ಕೃಪೆಯೂ ಅಲ್ಲ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಡುಶೆನ್ ಇದೆ, ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಜೊತೆಗೂಡಿ ಅದರ ಕೇಂದ್ರವಾಗಿವೆ.

ಒಟ್ಟಾರೆ ಈ ವಿದ್ಯೆಯ ಬಗ್ಗೆ ನನ್ನ ತೀರ್ಮಾನ ಇಷ್ಟು. ಒಂದು ಚಿತ್ರ ರೋಗದ ಹೆಸರಿನತ್ತ ಬೆರಳು ತೋರಿಸುತ್ತದೆ. ರೋಗದ ನಡಿಗೆ ತಿಳಿಯಲು ವರ್ಷ ವರ್ಷದ ಚಿತ್ರಗಳ ಸಾಲು ಬೇಕು. ದುಬಾರಿ ಯಂತ್ರದ ಒಂದು ಚಿತ್ರಕ್ಕಿಂತ, ಒಂದೇ ಜಾಗದಲ್ಲಿ ಒಂದೇ ರೀತಿ ತೆಗೆದು ಜೋಪಾನ ಮಾಡಿದ ಐದು ಸಾದಾ ಅಲ್ಟ್ರಾಸೌಂಡ್ ಚಿತ್ರಗಳು ಆ ಮಗುವಿನ ರೋಗದ ಬಗ್ಗೆ ಹೆಚ್ಚು ಹೇಳುತ್ತವೆ.

ಆದ್ದರಿಂದ ಇದನ್ನು ಓದುವ ತಂದೆ ತಾಯಿಗಳಲ್ಲಿ ಒಂದು ಕಳಕಳಿಯ ವಿನಂತಿ. ಮಗುವಿನ ಮೊದಲ ಸಿ.ಪಿ.ಕೆ. ಚೀಟಿಯಿಂದ ಹಿಡಿದು ಎಲ್ಲ ಫಿಲ್ಮು, ಸಿ.ಡಿ., ವರದಿಗಳನ್ನು ದಿನಾಂಕದ ಪ್ರಕಾರ ಒಂದೇ ಚೀಲದಲ್ಲಿಡಿ, ಪ್ರತಿಯೊಂದರ ಫೋಟೊ ಮೊಬೈಲಿನಲ್ಲೂ ಇರಲಿ. ಗುಳೆ ಹೋಗುವಾಗ ಪಾತ್ರೆ ಪಡಗದ ಜೊತೆಗೆ ಆ ಚೀಲವನ್ನೂ ಒಯ್ಯಿರಿ. ಮುಂದಿನ ವೈದ್ಯರ ಮುಂದೆ ನಿಮ್ಮ ಮಗನ ಪರವಾಗಿ ಮೊದಲು ಮಾತಾಡುವುದು ಅದೇ ಚೀಲ.